ಕಿರಾಯಿ ಮನೆಯ ಡಿಪಾಜಿಟ್: ಸಿಮೆಂಟ್ ಸೀಮೆಯ ಐದು ಊರುಗಳ ಲೆಕ್ಕ

ಬಾಡಿಗೆ ಮನೆಗೆ ಸೇರುವಾಗ ಮಾಲಕರ ಕೈಗೆ ಕೊಟ್ಟು, ಬಿಡುವಾಗ ಮರಳಿ ಪಡೆಯಬೇಕಾದ ಹಣವನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಲ್ಲಿ ಅಡ್ವಾನ್ಸ್ ಎಂದೂ ಡಿಪಾಜಿಟ್ ಎಂದೂ ಕರೆಯುತ್ತಾರೆ. ಈ ಹಣ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ಮಾಲಕರಿಗೆ ಆಧಾರವಾಗುತ್ತದೆ. ಬಾಡಿಗೆದಾರ ಇರುವಷ್ಟು ದಿನ ಬಡ್ಡಿಯಿಲ್ಲದ ಕೈಗಡವಾಗಿಯೂ ದುಡಿಯುತ್ತದೆ. ಮೊದಲನೆಯದನ್ನು ಇಬ್ಬರೂ ಬಾಯಿಬಿಟ್ಟು ಮಾತಾಡಿರುತ್ತಾರೆ, ಎರಡನೆಯದನ್ನು ಯಾರೂ ಆಡುವುದಿಲ್ಲ. ಮನೆ ಬಿಡುವ ವಾರದಲ್ಲಿ ಏಳುವ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡನೆಯದರಿಂದ.

ಈ ಐದು ಊರುಗಳಲ್ಲಿ ಡಿಪಾಜಿಟ್ಟಿನ ಚರಿತ್ರೆಯನ್ನು ಹಿಡಿಯಬೇಕಾದರೆ ಒಂದು ಪ್ರಶ್ನೆಯನ್ನು ಬೆನ್ನತ್ತಬೇಕಾಗುತ್ತದೆ: ಮನೆ ಖಾಲಿ ಮಾಡುವ ದಿನ ಯಾರ ಹಣ ಯಾರ ಕೈಯಲ್ಲಿ ಇರುತ್ತಿತ್ತು? ರೈಲ್ವೆ, ಸಿಮೆಂಟ್ ಕಂಪನಿ, ಖಾಸಗಿ ಮಾಲಕ, ಪುರಸಭೆ ಈ ಪ್ರಶ್ನೆಗೆ ಒಂದೊಂದು ಉತ್ತರ ಕೊಟ್ಟಿವೆ.

ಇನ್ನೊಬ್ಬರ ವಶದಲ್ಲಿ ಇಟ್ಟ ಹಣದ ಬಗ್ಗೆ ಈ ನೆಲದಲ್ಲಿ ನಡೆದ ಚಿಂತನೆ ರೈಲಿಗಿಂತ ಬಹಳ ಹಳೆಯದು. ಶಹಾಬಾದ್ ಹತ್ತಿರದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಗುರುತಿಸಲಾಗಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಆಸ್ತಿ ಪಾಲಿನ ವಿಷಯದಲ್ಲಿ ಆ ಗ್ರಂಥ ಇಪ್ಪತ್ತನೆಯ ಶತಮಾನದವರೆಗೂ ಕೋರ್ಟುಗಳಲ್ಲಿ ಪ್ರಮಾಣವಾಗಿ ನಡೆಯಿತು. ಅದರಷ್ಟು ಹೆಸರಾಗದ ಇನ್ನೊಂದು ಭಾಗ ಅದೇ ಸ್ಮೃತಿಯ ವ್ಯವಹಾರ ಪ್ರಕರಣದಲ್ಲಿದೆ. ಇಟ್ಟುಕೊಳ್ಳಲು ಕೊಟ್ಟ ಒಡವೆಯನ್ನು ಕೊಟ್ಟ ಹಾಗೆಯೇ ಮರಳಿಸಬೇಕು. ಅರಸ, ದೈವ ಅಥವಾ ಕಳ್ಳರಿಂದ ಅದು ಕಳೆದುಹೋದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಕಳೆದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ಕಟ್ಟಬೇಕು. ಮನಸ್ಸಿಗೆ ಬಂದಂತೆ ಬಳಸಿಕೊಂಡಿದ್ದರೆ ದಂಡ ತೆತ್ತು, ಬಡ್ಡಿ ಸಮೇತ ತೀರಿಸಬೇಕು.

ಈ ಕೊನೆಯ ನಿಯಮದ ಪಕ್ಕದಲ್ಲಿ ಇಂದಿನ ಡಿಪಾಜಿಟ್ಟನ್ನು ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇಂದು ಮಾಲಕ ಆ ಹಣವನ್ನು ಬಳಸಿಕೊಳ್ಳುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ, ಬಡ್ಡಿಯ ಮಾತು ಬರುವುದೇ ಇಲ್ಲ. ಸ್ಮೃತಿಯ ಕಣ್ಣಿನಲ್ಲಿ ಇದು ಇಡುಗಂಟಿಗಿಂತ ಸಾಲಕ್ಕೆ ಹತ್ತಿರ. ಮನೆಯನ್ನೇ ಅನುಭವಿಸಲು ಬಿಟ್ಟು, ಬಡ್ಡಿಯ ಬದಲಿಗೆ ಆ ಅನುಭವವನ್ನೇ ಲೆಕ್ಕಕ್ಕೆ ಹಿಡಿಯುವ ಭೋಗ್ಯದ ಅಡವನ್ನೂ ಮಿತಾಕ್ಷರ ವಿಚಾರಿಸುತ್ತದೆ. ಆ ಪದ್ಧತಿ ಇಂದಿಗೂ ಉಳಿದಿದೆ. ಅದರ ಮಾತು ಮುಂದೆ ಬರುತ್ತದೆ.

ಹೊರಗಿನವರಿಗೆ ಮನೆ ಬಾಡಿಗೆಗೆ ಕೊಡುವ ಅಗತ್ಯ ಈ ಸೀಮೆಗೆ ಬಂದದ್ದು ರೈಲಿನ ಜೊತೆ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಶಹಾಬಾದ್, ವಾಡಿಗಳ ಮೇಲೆ ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ವಾಡಿ ಜಂಕ್ಷನ್ ಆಯಿತು. ಗಾರ್ಡು, ಡ್ರೈವರು, ಪಾಯಿಂಟ್ಸ್‌ಮನ್ನು, ತಾರಿನ ಬಾಬುಗಳಿಗೆ ಅಲ್ಲಿ ಬಂಧುಬಳಗವೂ ಇರಲಿಲ್ಲ, ಹೊಲಮನೆಯೂ ಇರಲಿಲ್ಲ. ಅವರಿಗೆ ಸೂರು ಕೊಟ್ಟದ್ದು ರೈಲ್ವೆಯೇ. ಕ್ವಾರ್ಟರ್ಸಿಗೆ ಡಿಪಾಜಿಟ್ ಎಂಬುದಿಲ್ಲ. ಪಗಾರದಿಂದಲೇ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುವವರಿಗೆ ಮುಂಗಡದ ಹಂಗೇಕೆ?

ರೈಲ್ವೆಯ ಗಡಿಯಾಚೆ, ಪೇಟೆಯಲ್ಲಿ ನಿಜಾಮ ರಾಜ್ಯದ ಪದ್ಧತಿ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಆಡಳಿತದ ಭಾಷೆ ಉರ್ದು. ಕಾಗದಪತ್ರಗಳ ಮೇಲಿನ ವರ್ಷ ಫಸಲಿ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಕಿರಾಯಿ, ಕಿರಾಯಿದಾರ, ಕಿರಾಯಾನಾಮಾ ಎಂಬ ಮಾತುಗಳು ಈ ಭಾಗದ ಕನ್ನಡದಲ್ಲಿ ಬಾಡಿಗೆ ಎಂಬ ಮಾತಿನಷ್ಟೇ ಗಟ್ಟಿಯಾಗಿ ನಿಂತದ್ದು ಹೀಗೆ. ಲೇವಾದೇವಿ ಹೈದರಾಬಾದಿನ ಹಾಲಿ ಸಿಕ್ಕಾದಲ್ಲಿ. ಏಳು ಸಿಕ್ಕಾ ರೂಪಾಯಿಗೆ ಆರು ಬ್ರಿಟಿಷ್ ಇಂಡಿಯಾದ ರೂಪಾಯಿ ಎಂಬುದು ವಿನಿಮಯದ ದರ. ವಾಡಿಯಂಥ ಜಂಕ್ಷನ್ನಿನಲ್ಲಿ ಎರಡೂ ನಾಣ್ಯಗಳು ಕೈಗೆ ಬರುತ್ತಿದ್ದುದರಿಂದ ಯಾವ ರೂಪಾಯಿಯಲ್ಲಿ ಕೊಟ್ಟದ್ದು, ಯಾವುದರಲ್ಲಿ ಮರಳಿಸುವುದು ಎಂಬುದು ಸಣ್ಣ ಮಾತಲ್ಲ. ಸಿಕ್ಕಾದಲ್ಲಿ ಇಟ್ಟ 70 ರೂಪಾಯಿಗೆ ಭಾರತದ ನಾಣ್ಯದಲ್ಲಿ ಬರುವುದು 60. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೂ ಕೆಲವು ವರ್ಷ ಎರಡು ಹಣ ಜೊತೆಜೊತೆಗೆ ನಡೆದವು. 1959ರ ಹೊತ್ತಿಗೆ ಸಿಕ್ಕಾ ಪೂರ್ತಿ ನಿಂತಿತು.

ಡಿಪಾಜಿಟ್ಟಿನ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರ ಸುಣ್ಣದ ಕಲ್ಲಿನದು. ಭೀಮಾ ಕಣಿವೆಯ ಈ ಕಲ್ಲು ಪದರು ಪದರಾಗಿ ಏಳುತ್ತದೆ. ಚಪ್ಪಡಿಯಾಗಿ ತೆಗೆದರೆ ಫರ್ಸಿ, ಪುಡಿ ಮಾಡಿ ಸುಟ್ಟರೆ ಸಿಮೆಂಟು. ಶಹಾಬಾದಿನ ಸಿಮೆಂಟ್ ಕಾರ್ಖಾನೆ 1920ರ ದಶಕದ್ದು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ವಾಡಿಯಲ್ಲಿ ಎಸಿಸಿಯ ಕಾರ್ಖಾನೆ 1968ರಲ್ಲಿ ಶುರುವಾಯಿತು. 1980ರ ದಶಕದಲ್ಲಿ ಮಳಖೇಡದ ಬಳಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಸಿಮೆಂಟ್ ಬಂದವು. 2010ರ ದಶಕದಲ್ಲಿ ಚಿಂಚೋಳಿ ತಾಲ್ಲೂಕಿನ ಛತ್ರಸಾಲ, ಚಿತ್ತಾಪುರ ತಾಲ್ಲೂಕಿನ ಇಟಗಾ, ಸೇಡಂ ತಾಲ್ಲೂಕಿನ ಕೋಡ್ಲಾ ಈ ಸಾಲಿಗೆ ಸೇರಿದವು.

ಹಳೆಯ ಕಾರ್ಖಾನೆಗಳು ತಮ್ಮ ಜೊತೆ ಕಾಲೊನಿಯನ್ನೂ ತಂದವು. ಸಾಲು ಕ್ವಾರ್ಟರ್ಸು, ಶಾಲೆ, ದವಾಖಾನೆ, ಕ್ಲಬ್ಬು, ಗುಡಿ ಎಲ್ಲ ಕಾಂಪೌಂಡಿನ ಒಳಗೇ. ನೌಕರನಿಗೆ ಕೊಟ್ಟ ಮನೆಯ ಬಾಬ್ತನ್ನು ಕೂಲಿಯಿಂದ ಮುರಿದುಕೊಳ್ಳಲು 1936ರ ವೇತನ ಪಾವತಿ ಕಾಯ್ದೆ ಅವಕಾಶ ಕೊಟ್ಟಿತ್ತು. ಡಿಪಾಜಿಟ್ಟಿನ ಪ್ರಶ್ನೆಯೇ ಏಳದ ವ್ಯವಸ್ಥೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಒಳಹೊಕ್ಕು ನೋಡಿದರೆ ಇಲ್ಲಿ ಡಿಪಾಜಿಟ್ ಇತ್ತು, ಅದೂ ಯಾವ ಮನೆ ಮಾಲಕನೂ ಕನಸಿನಲ್ಲಿ ಕೇಳದಷ್ಟು ದೊಡ್ಡದು: ನೌಕರ ಮೂವತ್ತು ವರ್ಷ ದುಡಿದು ಗಳಿಸಿದ ಅಂತಿಮ ಹಣ.

ನಿವೃತ್ತಿಯ ಹೊತ್ತಿಗೆ ಕ್ವಾರ್ಟರ್ಸ್ ಒಪ್ಪಿಸುವ ಕ್ರಮ ಒಂದು ವಿಧಿಯಂತೆ ನಡೆಯುತ್ತದೆ. ಎಸ್ಟೇಟ್ ವಿಭಾಗದವರು ಬಂದು ಕೋಣೆ ಕೋಣೆ ಸುತ್ತುತ್ತಾರೆ. ಫ್ಯಾನು ತಿರುಗುತ್ತದೆಯೇ, ಸ್ವಿಚ್ ಬೋರ್ಡು ಒಡೆದಿದೆಯೇ, ಕಿಟಕಿಯ ಗಾಜು ಎಷ್ಟು, ನಲ್ಲಿಯ ತಲೆ ಇದೆಯೇ ಎಂದು ಪಟ್ಟಿಗೆ ತಾಳೆ ಹಾಕುತ್ತಾರೆ. ಹಿತ್ತಲಿನಲ್ಲಿ ನೌಕರ ತನ್ನ ಖರ್ಚಿನಲ್ಲಿ ಹಾಕಿಸಿದ ತಗಡಿನ ಶೆಡ್ಡು ಇದ್ದರೆ ಅದನ್ನು ಕಿತ್ತೊಯ್ಯಬೇಕೋ ಬಿಟ್ಟುಹೋಗಬೇಕೋ ಎಂಬ ಮಾತು ಬರುತ್ತದೆ. ಸ್ಟೋರು, ಸೊಸೈಟಿ, ದವಾಖಾನೆ, ಗ್ರಂಥಾಲಯ ಎಲ್ಲ ಕಡೆಯ ಸಹಿಗಳ ಜೊತೆ ಮನೆಯದೂ ಬಿದ್ದ ಮೇಲೆಯೇ ನೋ ಡ್ಯೂ ಸರ್ಟಿಫಿಕೇಟ್ ಪೂರ್ತಿಯಾಗುತ್ತದೆ, ಆಮೇಲೆ ಫೈನಲ್ ಸೆಟ್ಲ್‌ಮೆಂಟ್.

ಬಿಡದೆ ಕೂತವರ ಮೇಲೆ ಕಾನೂನಿನ ಹಿಡಿತವೂ ಬಿಗಿ. 1956ರ ಕಂಪನಿ ಕಾಯ್ದೆಯ 630ನೆಯ ಕಲಂ ಕಂಪನಿಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿತ್ತು. ಕೆಲಸದಲ್ಲಿರುವವರಿಗಷ್ಟೇ ಅಲ್ಲದೆ ಕೆಲಸ ಬಿಟ್ಟವರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. 2013ರ ಕಾಯ್ದೆಯಲ್ಲಿ ಅದೇ ಮಾತು 452ನೆಯ ಕಲಮಾಗಿ ಬಂದಿದೆ. ಮನೆ ಬಿಡದವರ ಗ್ರಾಚ್ಯುಟಿಯಿಂದ ದಂಡದ ಬಾಡಿಗೆಯನ್ನು ಮುರಿದುಕೊಳ್ಳಬಹುದೇ ಎಂಬುದು ಬಹುಕಾಲ ವಿವಾದದಲ್ಲಿತ್ತು. ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಮುರಿದುಕೊಳ್ಳಬಹುದು ಎಂದಿತು. ರೈಲ್ವೆ ಕ್ವಾರ್ಟರ್ಸಿಗೆ ಇವೆಲ್ಲದರ ಜೊತೆ ಸಾರ್ವಜನಿಕ ಕಟ್ಟಡಗಳಿಂದ ಒಕ್ಕಲೆಬ್ಬಿಸುವ 1971ರ ಕಾಯ್ದೆಯೂ ಇದೆ.

ಕಾಲೊನಿಯ ಗೇಟಿನ ಹೊರಗಿನ ಕಥೆಯೇ ಬೇರೆ. ಕಂಪನಿಯ ಕಾಯಂ ನೌಕರಿಯ ಸುತ್ತ ಗುತ್ತಿಗೆ ಕೂಲಿಗಳು, ಲಾರಿಯವರು, ಅಂಗಡಿಯವರು, ಮಾಸ್ತರರು, ಬ್ಯಾಂಕಿನವರು ಬೆಳೆದರು. ಇವರಿಗೆ ಕ್ವಾರ್ಟರ್ಸ್ ಇಲ್ಲ. ಊರವರು ಮನೆಯ ಪಕ್ಕದಲ್ಲಿ, ಮಾಳಿಗೆಯ ಮೇಲೆ ಒಂದೆರಡು ಖೋಲಿ ಎಬ್ಬಿಸಿ ಕಿರಾಯಿಗೆ ಕೊಡತೊಡಗಿದರು. ಗುರುತಿನವರು ಕರೆತಂದ ಕಿರಾಯಿದಾರನಿಗೆ ಒಂದೆರಡು ತಿಂಗಳ ಬಾಡಿಗೆಯ ಮುಂಗಡ ಸಾಕಾಗುತ್ತದೆ. ಯಾರೋ ಎಲ್ಲಿಂದಲೋ ಬಂದವನೆಂದರೆ ಮೊತ್ತ ಏರುತ್ತದೆ. ಬೆಂಗಳೂರಿನಲ್ಲಿ ರೂಢಿಯಾದ ಹತ್ತು ತಿಂಗಳ ಅಡ್ವಾನ್ಸ್ ಈ ಊರುಗಳ ಮಟ್ಟಿಗೆ ಅತಿಯಾದ ಮಾತು.

ಕಾನೂನು ಈ ಹಣವನ್ನು ಎದುರಿಗೆ ನಿಂತು ನೋಡಿದ್ದು ಕಡಿಮೆ. ಹೈದರಾಬಾದ್ ರಾಜ್ಯ ಇದ್ದಾಗ 1954ರಲ್ಲಿ ಮನೆ ಬಾಡಿಗೆ, ಒಕ್ಕಲೆಬ್ಬಿಸುವಿಕೆ ಮತ್ತು ಗುತ್ತಿಗೆ ನಿಯಂತ್ರಣ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರಿದ ಮೇಲೂ ಆ ಕಾಯ್ದೆ ಕೆಲವು ವರ್ಷ ನಡೆದು, 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆಯಿಂದ ರದ್ದಾಯಿತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಇವುಗಳ ಗಮನವೆಲ್ಲ ಬಾಡಿಗೆ ಎಷ್ಟಿರಬೇಕು, ಯಾವಾಗ ಒಕ್ಕಲೆಬ್ಬಿಸಬಹುದು ಎಂಬುದರ ಮೇಲೆ. ಅದೂ ಅಲ್ಲದೆ 1999ರ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿಟ್ಟಿದೆ. ಇಂದಿನ ದರದಲ್ಲಿ ಸಾಧಾರಣ ಎರಡು ಖೋಲಿಯ ಮನೆಯೂ ಆ ಗೆರೆ ದಾಟುತ್ತದೆ. ಹೀಗಾಗಿ ಬಹುತೇಕ ಕಿರಾಯಿದಾರರ ಪಾಲಿಗೆ ಉಳಿದಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಇಬ್ಬರ ನಡುವಿನ ಕರಾರು.

ಆ ಕರಾರನ್ನು ಬಾಂಡ್ ಎನ್ನುತ್ತಾರೆ, ಬರೆಸಿದ ಕಾಗದದ ಹೆಸರೇ ಕರಾರಿಗೂ ಹತ್ತಿದೆ. ಅವಧಿ ಸಾಮಾನ್ಯವಾಗಿ ಹನ್ನೊಂದು ತಿಂಗಳು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದರ ಖರ್ಚು ಯಾರಿಗೂ ಬೇಡ. ಹನ್ನೊಂದು ತಿಂಗಳು ಕಳೆದ ಮೇಲೆ ಹೊಸ ಬಾಂಡ್ ಬರೆಸುವವರು ವಿರಳ. ಹಳೆಯದರ ಮೇಲೆಯೇ ಐದಾರು ವರ್ಷ ಹಾಯುತ್ತವೆ, ಬಾಡಿಗೆ ಬಾಯಿಮಾತಿನಲ್ಲಿ ಏರುತ್ತದೆ, ಡಿಪಾಜಿಟ್ ಮಾತ್ರ ಮೊದಲ ದಿನದ ಅಂಕಿಯಲ್ಲಿಯೇ ನಿಲ್ಲುತ್ತದೆ. ಬಾಂಡೇ ಇಲ್ಲದ ಕಡೆ, ನಗದು ಕೊಟ್ಟದ್ದಕ್ಕೆ ಕಿರಾಯಿದಾರನ ಡೈರಿಯೇ ಸಾಕ್ಷಿ. ಫೋನಿನಲ್ಲಿ ಹಣ ಕಳಿಸುವ ರೂಢಿ ಬಂದಂದಿನಿಂದ ಕೊಟ್ಟದ್ದೇ ಸುಳ್ಳು ಎನ್ನುವ ವಾದ ನಿಲ್ಲುವುದಿಲ್ಲ.

ಮನೆ ಬಿಡುವಾಗಿನ ಲೆಕ್ಕಕ್ಕೆ ಒಂದು ಉದಾಹರಣೆ. ತಿಂಗಳ ಬಾಡಿಗೆ 5,000, ಡಿಪಾಜಿಟ್ 25,000, ಮೂರು ವರ್ಷದ ವಾಸ ಎಂದು ಇಟ್ಟುಕೊಳ್ಳೋಣ. ಕೊನೆಯ ತಿಂಗಳು ಕಿರಾಯಿದಾರ, “ಇದೊಂದು ತಿಂಗಳದ್ದು ಅಡ್ವಾನ್ಸಿನ್ಯಾಗ ಮುರಕೊಳ್ರಿ” ಎನ್ನುತ್ತಾನೆ. ಕರೆಂಟಿನ ಕೊನೆಯ ಬಿಲ್ಲು 640. ಇಷ್ಟೇ ಆದರೆ ಮರಳಬೇಕಾದದ್ದು 19,360. ಮಾಲಕರು ಸುಣ್ಣಬಣ್ಣಕ್ಕೆ 6,000, ನಲ್ಲಿಗಳಿಗೆ 800 ಎಂದು ಸೇರಿಸಿದರೆ ಅದು 12,560ಕ್ಕೆ ಇಳಿಯುತ್ತದೆ. ಜಗಳ ಇರುವುದು ಈ 6,800 ರೂಪಾಯಿಯಲ್ಲಿ.

ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ ಕಿರಾಯಿದಾರ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿ ಒಪ್ಪಿಸಬೇಕು, ಸಹಜ ಸವೆತವನ್ನು ಬಿಟ್ಟು. ಸಹಜ ಸವೆತ ಯಾವುದು ಎಂಬುದನ್ನು ಈ ಊರುಗಳಲ್ಲಿ ಅರ್ಧ ನಿರ್ಧರಿಸುವುದು ಇಲ್ಲಿನ ಕಲ್ಲು ಮತ್ತು ನೀರು. ಶಹಾಬಾದ್ ಫರ್ಸಿಯ ನೆಲ ಮೂವತ್ತು ವರ್ಷ ತುಳಿದರೂ ಹೆಚ್ಚು ನುಣುಪಾಗುತ್ತದೆಯೇ ಹೊರತು ಕೆಡುವುದಿಲ್ಲ. ಎಣ್ಣೆ ಬಿದ್ದ ಕಡೆ ಕಪ್ಪು ಕಲೆ ಹಿಡಿಯುತ್ತದೆ. ಅಡುಗೆಮನೆಯ ಆ ಕಲೆಗೆ ಹಣ ಮುರಿಯುವ ಮಾಲಕರು ಇಲ್ಲವೆನ್ನಬೇಕು. ಟೈಲ್ಸ್ ಹಾಕಿದ ಹೊಸ ಮನೆಗಳಲ್ಲಿ ಮಾತ್ರ ಒಂದು ಬಿರುಕು ಬಂದರೂ ಲೆಕ್ಕ ಶುರು. ಇನ್ನು ನೀರು. ಸುಣ್ಣದ ಕಲ್ಲಿನೊಳಗಿಂದ ಬರುವ ಬೋರಿನ ನೀರು ಗಡಸು. ನಲ್ಲಿಯ ಬಾಯಿಗೆ, ಬಚ್ಚಲಿನ ಗೋಡೆಗೆ, ಪಾಯಿಖಾನೆಯ ಬೇಸಿನ್ನಿಗೆ ಬಿಳಿ ಹೆಪ್ಪು ಕಟ್ಟುತ್ತದೆ. ಗೀಜರಿನ ಕಾಯಿಲು ಸುಟ್ಟುಹೋಗುತ್ತದೆ. ಕಿರಾಯಿದಾರ ತಿಕ್ಕದೆ ಬಿಟ್ಟದ್ದು ಎಂದು ಮಾಲಕರು, ನಿಮ್ಮ ಬೋರಿನ ನೀರೇ ಹಂಗದ ಎಂದು ಕಿರಾಯಿದಾರ. ಇಬ್ಬರ ಮಾತಿನಲ್ಲೂ ಸತ್ಯವಿರುವುದರಿಂದ ಈ ಬಾಬ್ತು ಅರ್ಧಕ್ಕರ್ಧ ಹರಿಯುವುದೇ ನ್ಯಾಯ. ಸುಣ್ಣಬಣ್ಣದ್ದು ಹಾಗಲ್ಲ. ಮೂರು ವರ್ಷ ವಾಸವಿದ್ದ ಮನೆಗೆ ಬಣ್ಣ ಬೇಕಾಗುವುದು ಸವೆತದಿಂದಲೇ. ಬಿಡುವಾಗ ಬಣ್ಣ ಹಚ್ಚಿಸಿ ಕೊಡಬೇಕೆಂದು ಬಾಂಡಿನಲ್ಲಿ ಬರೆದಿರದಿದ್ದರೆ ಆ ಖರ್ಚು ಮಾಲಕರದು. ಗೋಡೆಗೆ ಹೊಡೆದ ಮೊಳೆಯ ತೂತುಗಳದ್ದು, ಮುರಿದ ಬಾಗಿಲಿನದ್ದು ಬೇರೆ ಮಾತು.

ಹಣ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ಹೆಚ್ಚು ಕಾಡುವ ಪ್ರಶ್ನೆ. “ಹೊಸ ಕಿರಾಯಿದಾರ ಬಂದ ಮ್ಯಾಲ ಕೊಡ್ತೀವ್ರಿ” ಎಂಬುದು ಎಲ್ಲರೂ ಕೇಳಿರುವ ಉತ್ತರ. ಹಳಬನ ಡಿಪಾಜಿಟ್ ಎಂದೋ ಮಗಳ ಮದುವೆಗೋ ಮೇಲ್ಮಾಳಿಗೆಗೋ ಹೋಗಿರುತ್ತದೆ, ಹೊಸಬನ ಹಣದಿಂದ ಹಳಬನ ಹಣ ತೀರುತ್ತದೆ. ಬಾಡಿಗೆಗೆ ಬೇಡಿಕೆ ಇರುವ ಸೇಡಂನಲ್ಲಿ ಇದು ಬೇಗ ತಿರುಗುತ್ತದೆ. ಶಹಾಬಾದಿನಲ್ಲಿ ಹಳೆಯ ಸಿಮೆಂಟ್ ಕಾರ್ಖಾನೆ ಕೈ ಬದಲಾಗಿ ಕೊನೆಗೆ ಬಾಗಿಲು ಹಾಕಿದ ಮೇಲೆ ದುಡಿಯುವವರು ಊರು ಬಿಟ್ಟರು. ಮನೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದರೆ ಹೊಸಬನನ್ನು ಕಾಯುವ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ. 2018ರಲ್ಲಿ ತಾಲ್ಲೂಕು ಆದಂದಿನಿಂದ ಕಚೇರಿಗಳ ನೌಕರರಾದರೂ ಅಲ್ಲಿಗೆ ಬರುತ್ತಿದ್ದಾರೆ.

ರೈಲಿಲ್ಲದ ಚಿಂಚೋಳಿಯಲ್ಲಿ ಕಿರಾಯಿದಾರರೆಂದರೆ ಹೆಚ್ಚಾಗಿ ವರ್ಗವಾಗಿ ಬಂದ ಮಾಸ್ತರರು, ಕಂದಾಯ, ಅರಣ್ಯ, ಬ್ಯಾಂಕಿನ ನೌಕರರು. ವರ್ಗಾವಣೆಯ ಆದೇಶ ಬಂದ ವಾರದಲ್ಲಿ ಮನೆ ಬಿಡಬೇಕಾಗುವುದರಿಂದ ತಿಂಗಳು ಮೊದಲೇ ಹೇಳಬೇಕೆಂಬ ಷರತ್ತು ಮುರಿದುಬೀಳುತ್ತದೆ. ಕರಾರು ಇಲ್ಲದ ತಿಂಗಳ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೆಯ ಕಲಂ ಕೇಳುವುದು ಹದಿನೈದು ದಿನಗಳ ನೋಟಿಸು. ಬಾಂಡಿನಲ್ಲಿ ಒಂದು ತಿಂಗಳು ಎಂದಿದ್ದರೆ ಅದೇ ನಡೆಯುತ್ತದೆ, ಕಡಿಮೆಬಿದ್ದ ದಿನಗಳ ಬಾಡಿಗೆಯನ್ನು ಡಿಪಾಜಿಟ್ಟಿನಲ್ಲಿ ಮುರಿಯುತ್ತಾರೆ.

ಹೊಸ ಕಾರ್ಖಾನೆಗಳ ಸುತ್ತ ಇನ್ನೊಂದು ಬಗೆ ಬೆಳೆದಿದೆ. ಬಿಹಾರ, ಉತ್ತರ ಪ್ರದೇಶ, ಒಡಿಶಾದಿಂದ ಬಂದ ಕೂಲಿಗಳಿಗಾಗಿ ಗುತ್ತಿಗೆದಾರನೇ ಖೋಲಿ ಹಿಡಿದು ಡಿಪಾಜಿಟ್ ಇಡುತ್ತಾನೆ. ವಾಸ ಒಬ್ಬರದು, ಹಣ ಇನ್ನೊಬ್ಬರದು. ಕೆಲಸ ಮುಗಿದು ಕೂಲಿಗಳು ಹೊರಟಾಗ ಹಾನಿಯ ಲೆಕ್ಕವನ್ನು ಗುತ್ತಿಗೆದಾರ ಅವರ ಕೂಲಿಯಿಂದಲೇ ಮುರಿದರೆ, ಕಾಲೊನಿಯ ಹಳೆಯ ಪದ್ಧತಿ ಯಾವ ಸೌಲಭ್ಯವೂ ಇಲ್ಲದೆ ಮರಳಿ ಬಂದಂತೆ.

ಅಂಗಡಿಗಳ ರೀತಿ ಬೇರೆ. ಹೈದರಾಬಾದು, ಮುಂಬೈ ಎರಡೂ ಕಡೆಯ ಪ್ರಭಾವದಿಂದ ಪೇಟೆಯಲ್ಲಿ ಪಗಡಿ ಎಂಬ ಹಣ ಪರಿಚಿತ. ಅದು ಜಾಗದ ಹಕ್ಕಿಗೆ ಕೊಡುವ ಬೆಲೆ; ಡಿಪಾಜಿಟ್ಟಿನಂತೆ ಮರಳುವ ನಂಬಿಕೆಯಿಂದ ಯಾರೂ ಕೊಡುವುದಿಲ್ಲ. ಪುರಸಭೆಯ ಮಳಿಗೆಗಳನ್ನು ಹರಾಜಿನಲ್ಲಿ ಹಿಡಿದವರು ಠೇವಣಿ ಕಟ್ಟಿ ರಸೀದಿ ಪಡೆಯುತ್ತಾರೆ. ಆ ಹಣ ಮರಳುವುದು ಖಚಿತ, ನಿಧಾನವೂ ಖಚಿತ.

ಭೋಗ್ಯದ ವಿಷಯ ಎಲ್ಲಕ್ಕಿಂತ ಅಪಾಯದ್ದು. ಇಂದು ಇದನ್ನು ಲೀಜ್ ಎನ್ನುತ್ತಾರೆ: ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಮೊತ್ತ ಪಡೆಯುವುದು. ಮರಳಿಸಲು ಮಾಲಕರ ಬಳಿ ಹಣವಿಲ್ಲದಿದ್ದರೆ ಮನೆ ಬಿಡದೆ ಕೂರುವುದೊಂದೇ ಕಿರಾಯಿದಾರನ ಹಿಡಿತ, ಬೀಗ ಕೊಟ್ಟ ಗಳಿಗೆಗೆ ಅದೂ ಹೋಯಿತು. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದು, ಅದು ತೀರದೆ ಉಳಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು, ನೋಂದಣಿಯಾಗದ ಲೀಜಿನ ಕಾಗದ ಅದರ ಮುಂದೆ ನಿಲ್ಲುವುದು ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ಮನೆ ಬಿಡುವ ಕೆಲಸಗಳ ಪಟ್ಟಿಗೆ ಒಂದು ಹೊಸ ಬಾಬ್ತು ಸೇರಿದೆ. 2023ರ ಆಗಸ್ಟಿನಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಕಿರಾಯಿದಾರರೂ ತಮ್ಮ ಆಧಾರನ್ನು ಮನೆಯ ಆರ್‌ಆರ್ ನಂಬರಿಗೆ ಜೋಡಿಸಿ ಉಚಿತ ವಿದ್ಯುತ್ ಪಡೆಯುತ್ತಾರೆ. ಜೆಸ್ಕಾಂ ಮೀಟರು ಮಾಲಕರ ಹೆಸರಿನಲ್ಲಿ, ಜೋಡಣೆ ಕಿರಾಯಿದಾರನ ಹೆಸರಿನಲ್ಲಿ. ಬಿಡುವಾಗ ಆ ಜೋಡಣೆ ತೆಗೆಯದಿದ್ದರೆ ಮುಂದೆ ಬರುವವರಿಗೆ ತೊಡಕು. ಜೋಡಣೆ ತೆಗೆಯುವ ಸೌಲಭ್ಯ ನಂತರ ಬಂದ ಮೇಲೆ, ಅದು ಆದ ಹೊರತು ಹಣ ಕೊಡುವುದಿಲ್ಲ ಎನ್ನಲು ಮಾಲಕರಿಗೊಂದು ನ್ಯಾಯವಾದ ಕಾರಣ ಸಿಕ್ಕಿದೆ.

ಡಿಪಾಜಿಟ್ಟಿಗೆಂದೇ ಸ್ಪಷ್ಟ ನಿಯಮ ಬರೆದದ್ದು ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಹೆಚ್ಚೆಂದರೆ ಎರಡು ತಿಂಗಳ ಬಾಡಿಗೆ, ಇತರ ಕಟ್ಟಡಗಳಿಗೆ ಆರು ತಿಂಗಳದ್ದು. ಮುರಿಯಬೇಕಾದದ್ದನ್ನು ಮುರಿದು ಉಳಿದದ್ದನ್ನು ಖಾಲಿ ಮನೆ ವಶಕ್ಕೆ ಪಡೆದ ದಿನವೇ ಮರಳಿಸಬೇಕು. ಆದರೆ ರಾಜ್ಯಗಳು ತಮ್ಮ ಕಾನೂನಾಗಿ ತಂದುಕೊಂಡರೆ ಮಾತ್ರ ಅದಕ್ಕೆ ಬಲ. ಸದ್ಯಕ್ಕೆ ಹಣ ಬಾರದವನಿಗಿರುವ ದಾರಿ ಹಳೆಯದೇ: ಬೀಗ ಕೊಟ್ಟ ದಿನದ ಬರಹ, ವಕೀಲರ ನೋಟಿಸು, ಅದಕ್ಕೂ ಬಗ್ಗದಿದ್ದರೆ ಸಿವಿಲ್ ದಾವೆ ಅಥವಾ ಲೋಕ ಅದಾಲತ್ತಿನ ರಾಜಿ. ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವ ಅವಧಿ ಮೂರು ವರ್ಷ. ಹತ್ತಿಪ್ಪತ್ತು ಸಾವಿರಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆ. ಹೆಚ್ಚಿನವು ಓಣಿಯ ಹಿರಿಯರೊಬ್ಬರ ಮುಂದೆ, ಬಣ್ಣದ ಖರ್ಚಿನಲ್ಲಿ ಅರ್ಧ ಬಿಟ್ಟು ಎರಡು ಕಂತಿನಲ್ಲಿ ಹರಿಯುತ್ತವೆ.